ಜೀಪಿಗೆ ದೊಡ್ಡ ಗಾಲಿ: ಲಾಭವೆಷ್ಟು, ನಷ್ಟವೆಷ್ಟು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಒಕ್ಕಲು ಮನೆಗಳಲ್ಲಿ ಇಂದು ಚಕ್ಕಡಿ ನಿಲ್ಲುತ್ತಿದ್ದ ಜಾಗದಲ್ಲಿ ಬೊಲೆರೊ ಅಥವಾ ಥಾರ್ ನಿಂತಿರುವುದು ಅಪರೂಪದ ನೋಟವೇನಲ್ಲ. ಹೊಲಕ್ಕೂ ಅದೇ, ಸಂತೆಗೂ ಅದೇ; ಗವಿಮಠದ ಜಾತ್ರೆಗೂ ಬೀಗರ ಊರಿಗೂ ಅದೇ. ಇಂತಹ ಗಾಡಿ ಮನೆಗೆ ಬಂದ ಕೆಲವೇ ದಿನಗಳಲ್ಲಿ ಮನೆಯ ತರುಣರ ಮನಸ್ಸಿನಲ್ಲಿ ಒಂದು ಹಂಬಲ ಮೊಳೆಯುತ್ತದೆ. ಕಂಪನಿಯವರು ಕೊಟ್ಟ ಗಾಲಿಗಳನ್ನು ತೆಗೆದು, ಇನ್ನೂ ಎತ್ತರದ ಟೈರು, ಇನ್ನೂ ಅಗಲದ ಡಿಸ್ಕ್ ಹಾಕಿಸಬೇಕೆಂಬುದೇ ಆ ಹಂಬಲ. ಹಿರಿಯರು ಇದನ್ನು ದುಂದುವೆಚ್ಚವೆನ್ನುತ್ತಾರೆ; ಕಿರಿಯರು ಕೆಸರಿನಲ್ಲಿ ಸಿಕ್ಕಿಕೊಳ್ಳದಿರಲು ಇದು ಬೇಕೇ ಬೇಕೆನ್ನುತ್ತಾರೆ. ಯಾರ ಮಾತು ನಿಜ? ಇದು ಬರಿಯ ಶೋಕಿಯ ಪ್ರಶ್ನೆಯಾಗಿದ್ದರೆ ಇಷ್ಟು ವಿಚಾರ ಬೇಕಿರಲಿಲ್ಲ. ಅದೇ ಗಾಡಿಯಲ್ಲಿ ನಮ್ಮ ಮಕ್ಕಳು, ವೃದ್ಧ ತಂದೆತಾಯಿಗಳು ಕುಳಿತು ಹೆದ್ದಾರಿಯಲ್ಲಿ ಪ್ರಯಾಣ ಮಾಡುತ್ತಾರೆ. ಆದ್ದರಿಂದ ಲೆಕ್ಕ ಹಾಕಿಯೇ ನೋಡಬೇಕು.

ಚಕ್ಕಡಿಯ ಗಾಲಿ ಕಲಿಸುವ ಪಾಠ

ದೊಡ್ಡ ಗಾಲಿಯಲ್ಲಿ ಗುಣವಿಲ್ಲವೆಂದು ಹೇಳುವಂತಿಲ್ಲ. ನಮ್ಮ ಹಿಂದಿನವರು ಚಕ್ಕಡಿಗೆ ಎತ್ತರದ ಗಾಲಿಗಳನ್ನು ಸುಮ್ಮನೆ ಕಟ್ಟಿಸಿದವರಲ್ಲ. ಸಣ್ಣ ಗಾಲಿ ತಗ್ಗಿನೊಳಗೆ ಇಳಿದು ಬೀಳುತ್ತದೆ. ದೊಡ್ಡ ಗಾಲಿ ಅದೇ ತಗ್ಗಿನ ಮೇಲೆ ಹಾಯ್ದು ಹೋಗುತ್ತದೆ. ಕಲ್ಲು ಎದುರಾದರೆ ಸಣ್ಣ ಗಾಲಿ ಎಡವುತ್ತದೆ, ದೊಡ್ಡದು ಏರಿ ಇಳಿಯುತ್ತದೆ. ಆದರೆ ಆ ಚಕ್ಕಡಿಯ ಗಾಲಿ ಎತ್ತರವಾಗಿತ್ತೇ ಹೊರತು ಅಗಲವಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಎರಡನೆಯ ಮಹಾಯುದ್ಧದಲ್ಲಿ ಕೆಸರು ಮರಳುಗಳನ್ನು ದಾಟಿ ಹೆಸರಾದ ವಿಲ್ಲೀಸ್ ಜೀಪಿಗೆ ಇದ್ದುದು ಕೇವಲ 6 ಅಂಗುಲ ಅಗಲದ, 16 ಅಂಗುಲ ರಿಮ್ಮಿನ ಟೈರು. ಎತ್ತರ ಬೇರೆ, ಅಗಲ ಬೇರೆ. ಇವೆರಡರ ಕೆಲಸವೂ ಬೇರೆ.

ಟೈರಿನ ಮೇಲಿನ ಅಂಕಿಗಳು

ಬೊಲೆರೊ ಗಾಡಿಯ ಟೈರಿನ ಮೇಲೆ ಸಾಮಾನ್ಯವಾಗಿ 215/75 ಆರ್ 15 ಎಂದು ಬರೆದಿರುತ್ತದೆ. ಇದರಲ್ಲಿ 215 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 75 ಎಂದರೆ ಆ ಅಗಲದ ನೂರಕ್ಕೆ 75 ಪಾಲು ಟೈರಿನ ಪಕ್ಕೆಯ ಎತ್ತರ. ಆರ್ ಎಂದರೆ ರೇಡಿಯಲ್ ಬಗೆಯ ಟೈರು. 15 ಎಂಬುದು ರಿಮ್ಮಿನ ಅಡ್ಡಳತೆ, ಅಂಗುಲಗಳಲ್ಲಿ. ಲೆಕ್ಕ ಹಾಕಿದರೆ ಈ ಗಾಲಿಯ ಪೂರ್ಣ ಎತ್ತರ ಸುಮಾರು 703 ಮಿಲಿಮೀಟರು.

ರಿಮ್ ದೊಡ್ಡದಾದರೆ ಗಾಡಿ ಕಚ್ಚಾ ದಾರಿಗೆ ಹೆಚ್ಚು ಯೋಗ್ಯವಾಗುತ್ತದೆಂಬುದು ಅನೇಕರ ನಂಬಿಕೆ. 2020ರಲ್ಲಿ ಬಂದ ಹೊಸ ಥಾರ್ ಗಾಡಿಯನ್ನೇ ನೋಡಿರಿ. ಅದರ ಒಂದು ಮಾದರಿಗೆ 245/75 ಆರ್ 16, ಇನ್ನೊಂದಕ್ಕೆ 255/65 ಆರ್ 18 ಟೈರು ಬಂದಿತು. ಎರಡರ ಎತ್ತರದಲ್ಲಿ ವ್ಯತ್ಯಾಸ 15 ಮಿಲಿಮೀಟರು ಮಾತ್ರ. ಆದರೆ ಸಣ್ಣ ರಿಮ್ಮಿನ ಟೈರಿಗೆ ಪಕ್ಕೆ 184 ಮಿಲಿಮೀಟರು, ದೊಡ್ಡ ರಿಮ್ಮಿನದಕ್ಕೆ 166. ಕಲ್ಲಿನ ಪೆಟ್ಟನ್ನು ಮೊದಲು ತಾಳಿಕೊಳ್ಳುವುದು ಈ ಪಕ್ಕೆಯ ರಬ್ಬರು ಮತ್ತು ಒಳಗಿನ ಗಾಳಿ. ಆನೆಗೊಂದಿಯ ಸುತ್ತಿನ ಬಂಡೆಗಲ್ಲಿನ ದಾರಿಗಳಲ್ಲಿ ಓಡಾಡುವವರಿಗೆ ಹೊಳೆಯುವ ದೊಡ್ಡ ರಿಮ್ಮಿಗಿಂತ ಸಣ್ಣ ರಿಮ್ಮಿನ ಎತ್ತರದ ಟೈರೇ ಹೆಚ್ಚು ಹಿತಕರ.

ಬೆರಳಗಲದ ಲಾಭ

ಬೊಲೆರೊಗೆ 235/75 ಆರ್ 15 ಟೈರು ಹಾಕಿಸಿದೆವೆಂದು ಭಾವಿಸೋಣ. ಗಾಲಿಯ ಎತ್ತರ 733 ಮಿಲಿಮೀಟರಿಗೆ ಏರುತ್ತದೆ. ಮೂವತ್ತು ಮಿಲಿಮೀಟರು ಹೆಚ್ಚಾಯಿತೆಂದು ಸಂತೋಷಪಡುವ ಮುನ್ನ ಒಂದು ಮಾತು: ಅಚ್ಚು ಇರುವುದು ಗಾಲಿಯ ನಡುವೆ. ಆದ್ದರಿಂದ ಗಾಡಿ ನೆಲದಿಂದ ಮೇಲೇಳುವುದು ಅದರ ಅರ್ಧ, ಅಂದರೆ 15 ಮಿಲಿಮೀಟರು. ಒಂದು ಬೆರಳಿನ ಅಗಲ! ಈ ಲಾಭ ಸಣ್ಣದಾದರೂ ನಿಜವಾದುದು. ಏಕೆಂದರೆ ಹಿಂದಿನ ಅಚ್ಚಿನ ನಡುವೆ ಇರುವ ಡಿಫರೆನ್ಶಿಯಲ್ ಗುಂಡನ್ನು ನೆಲದಿಂದ ಮೇಲೆತ್ತಬಲ್ಲುದು ಟೈರು ಮಾತ್ರ. ಸ್ಪ್ರಿಂಗು, ಪಾಟಾಗಳನ್ನು ಎತ್ತರಿಸಿದರೆ ಗಾಡಿಯ ಮೈ ಏರುತ್ತದೆಯೇ ವಿನಾ ಆ ಗುಂಡು ಇದ್ದಲ್ಲಿಯೇ ಇರುತ್ತದೆ.

ಕಣ್ಣಿಗೆ ಕಾಣದ ನಷ್ಟ

ಇನ್ನು ನಷ್ಟದ ಬಾಬತ್ತು. ಗಾಡಿಯ ವೇಗಮಾಪಕ ರಸ್ತೆಯನ್ನು ಕಾಣದು. ಅದು ಗಾಲಿಯ ಸುತ್ತುಗಳನ್ನಷ್ಟೇ ಎಣಿಸುತ್ತದೆ. ಮೇಲಿನ ಬದಲಾವಣೆಯಿಂದ ಗಾಲಿ ಒಂದು ಸುತ್ತಿಗೆ ನೂರಕ್ಕೆ 4 ಪಾಲಿನಷ್ಟು ಹೆಚ್ಚು ದೂರ ಸಾಗುತ್ತದೆ. ಮೊದಲು ಇದ್ದುದಕ್ಕಿಂತ ಗಾಡಿ ವೇಗವಾಗಿ ಓಡುತ್ತಿದ್ದರೂ ಮುಳ್ಳು ಹಳೆಯ ಅಂಕಿಯನ್ನೇ ತೋರಿಸುತ್ತದೆ. 31 ಅಂಗುಲದ ಟೈರು ಹಾಕಿದರೆ ವ್ಯತ್ಯಾಸ ನೂರಕ್ಕೆ 12ರಷ್ಟಾಗುತ್ತದೆ. ಮೊದಲು 80 ಎಂದು ತೋರುತ್ತಿದ್ದ ಮುಳ್ಳಿನ ಹಿಂದೆ ಈಗ ಸುಮಾರು 90 ಕಿಲೋಮೀಟರಿನ ವೇಗವಿರುತ್ತದೆ. ಹೊಸಪೇಟೆಯಿಂದ ಕುಷ್ಟಗಿಯ ಮೂಲಕ ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಈ ತಪ್ಪು ಅಂಕಿ ಅಪಾಯಕಾರಿ. ದೂರದ ಎಣಿಕೆಯೂ ಕಡಿಮೆ ಬರುವುದರಿಂದ ಮೈಲೇಜು ನಿಜಕ್ಕಿಂತ ಹೆಚ್ಚು ಬಿದ್ದಂತೆ ತೋರುತ್ತದೆ. ಟೈರಿನ ತೂಕದಿಂದ ಎಣ್ಣೆಯ ಖರ್ಚು ನಿಜವಾಗಿ ಹೆಚ್ಚುವುದು ಬೇರೆ.

ಎರಡನೆಯದು ಎಳೆಯುವ ಶಕ್ತಿ. ಗಾಲಿ ಎತ್ತರವಾದಷ್ಟೂ ಅದೇ ಎಂಜಿನ್ನಿನ ಬಲ ನೆಲಕ್ಕೆ ಮುಟ್ಟುವುದು ಕಡಿಮೆಯಾಗುತ್ತದೆ. 31 ಅಂಗುಲದ ಟೈರಿನಲ್ಲಿ ಈ ಇಳಿಕೆ ನೂರಕ್ಕೆ ಸುಮಾರು 11. ದಿಬ್ಬ ಏರುವಾಗ ಗೇರು ಇಳಿಸಬೇಕಾಗುತ್ತದೆ, ಕ್ಲಚ್ಚು ಬೇಗ ಸವೆಯುತ್ತದೆ. ಬ್ರೇಕಿಗೂ ಇದೇ ನ್ಯಾಯ. ಪೆಡಲನ್ನು ಮೊದಲಿನಷ್ಟೇ ಒತ್ತಿದರೆ ನೆಲದಲ್ಲಿ ದೊರೆಯುವ ತಡೆ ಅಷ್ಟೇ ಪಾಲು ಕಡಿಮೆ. ಮೇಲಾಗಿ ಭಾರವಾದ ಗಾಲಿಯನ್ನು ನಿಲ್ಲಿಸುವ ಕೆಲಸವೂ ಬ್ರೇಕಿನ ಮೇಲೆಯೇ ಬೀಳುತ್ತದೆ.

ಮೂರನೆಯದು ಅಗಲದ ಡಿಸ್ಕಿನ ತೊಂದರೆ. ಗಾಲಿ ಹೊರಕ್ಕೆ ಚಾಚಿದಷ್ಟೂ ಬೇರಿಂಗಿನ ಮೇಲಿನ ಹೊರೆ ಹೆಚ್ಚುತ್ತದೆ. ಸ್ಟಿಯರಿಂಗನ್ನು ಪೂರ್ಣ ತಿರುಗಿಸಿದಾಗ, ಅಥವಾ ಜನ ತುಂಬಿದ ಗಾಡಿ ತಗ್ಗಿಗೆ ಇಳಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜಬಹುದು. ಮಡ್‌ಗಾರ್ಡಿನಿಂದ ಹೊರಬಂದ ಟೈರು ಸಿಡಿಸುವ ಕಲ್ಲು ಹಿಂದೆ ಬರುವ ಬೈಕ್ ಸವಾರನ ಮುಖಕ್ಕೆ ತಗಲಬಹುದು. ಟೈರಿಗೆ ಜಾಗವಾಗಲೆಂದು ಗಾಡಿಯ ಮೈಯನ್ನು ಎತ್ತರಿಸಿದರೆ ಭಾರವೆಲ್ಲ ಮೇಲಕ್ಕೇರಿ, ತಿರುವಿನಲ್ಲಿ ಮಗುಚುವ ಭಯ ಹೆಚ್ಚುತ್ತದೆ.

ಎರೆ, ಮಸಾರಿ, ಗದ್ದೆ

ನಮ್ಮ ನೆಲಕ್ಕೆ ಯಾವುದು ಸರಿ ಎಂಬುದೇ ಮುಖ್ಯ ಪ್ರಶ್ನೆ. ಯಲಬುರ್ಗಾ, ಕುಷ್ಟಗಿ ಕಡೆಯ ಎರೆಮಣ್ಣು ನೀರು ಕುಡಿದು ಉಬ್ಬುವ ಜಾತಿಯದು. ಮಳೆ ಬಿದ್ದೊಡನೆ ಅದು ಟೈರಿನ ಹಲ್ಲುಗಳ ಸಂದಿನಲ್ಲಿ ಮೆತ್ತಿಕೊಂಡು, ಎಂತಹ ಟೈರನ್ನೂ ನುಣ್ಣನೆಯ ಉರುಳೆಯಾಗಿಸುತ್ತದೆ. ಇಲ್ಲಿ ಬೇಕಾದದ್ದು ಅಗಲವಲ್ಲ. ಮಣ್ಣನ್ನು ಕೊಡವಿಕೊಳ್ಳುವಂತಹ ಬಿಡಿಬಿಡಿಯಾದ ಆಳದ ಹಲ್ಲುಗಳು. ಅದಕ್ಕಿಂತ ಮಿಗಿಲಾದದ್ದು, ಹೊಲ ಆರುವವರೆಗೆ ಕಾಯುವ ತಾಳ್ಮೆ. ಕೆಂಪು ಮಸಾರಿ ನೆಲದಲ್ಲಿಯೂ ಮರಳಿನ ಹಳ್ಳಗಳಲ್ಲಿಯೂ ಹೂತುಹೋಗದಿರಲು ಅಗಲದ ಟೈರು ನೆರವಾಗುವುದುಂಟು. ಆದರೆ ಇದ್ದ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿದರೂ ಅದು ನೆಲದ ಮೇಲೆ ಹರಡಿಕೊಂಡು ಬಹುಮಟ್ಟಿಗೆ ಅದೇ ಫಲ ಕೊಡುತ್ತದೆ. ಪಕ್ಕಾ ರಸ್ತೆ ಸೇರುವ ಮೊದಲು ಗಾಳಿಯನ್ನು ಮತ್ತೆ ತುಂಬಿಸಿಕೊಳ್ಳಬೇಕು, ಅಷ್ಟೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಗಂಗಾವತಿಯ ಭತ್ತದ ಗದ್ದೆಯಂತೂ ಟ್ರ್ಯಾಕ್ಟರಿನ ಕಬ್ಬಿಣದ ಗಾಲಿಗಳಿಗೇ ಮೀಸಲು. ಅಲ್ಲಿಗೆ ಜೀಪು ಇಳಿಸುವ ಸಾಹಸ ಬೇಡ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ಭೇದ ಬರುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಒಂದು ಪ್ರಕರಣದಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಮಾಡಿತು. ಅಪಘಾತವಾದಾಗ ವಿಮಾ ಕಂಪನಿಯವರು ತಕರಾರು ತೆಗೆದರೆ ಕಷ್ಟಪಡುವುದು ಮನೆಯವರೆಲ್ಲ.

ಮಾಡಿಸುವುದಾದರೆ ಹೀಗೆ

ಹೊಸ ಟೈರು ಬೇಕೇ ಬೇಕೆನ್ನುವವರು ಮೊದಲು ತಮ್ಮ ಮಾದರಿಗೆ ತಯಾರಕರೇ ಸೂಚಿಸಿದ ಅಳತೆಗಳನ್ನು ನೋಡಲಿ. ಆ ಅಳತೆಯಲ್ಲಿಯೇ ರಸ್ತೆ, ಕಚ್ಚಾ ದಾರಿ ಎರಡಕ್ಕೂ ಸಲ್ಲುವ ಹಲ್ಲಿನ ಟೈರುಗಳು ದೊರೆಯುತ್ತವೆ. ಹೊರೆಯ ಅಂಕಿ ಹಳೆಯ ಟೈರಿಗಿಂತ ಕಡಿಮೆಯಿರಬಾರದು. 100 ಎಂಬ ಅಂಕಿಯ ಟೈರು 800 ಕಿಲೋ ಭಾರ ಹೊರುತ್ತದೆ. ಪಕ್ಕೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. ಬಹುಕಾಲ ಅಂಗಡಿಯಲ್ಲಿದ್ದ ಟೈರನ್ನು ತರಬಾರದು. ನಾಲ್ಕೂ ಗಾಲಿಗಳಿಗೆ ಬಲ ಕೊಡುವ ಗಾಡಿಗೆ ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿರಲೇಬೇಕು. ಸ್ಟೆಪ್ನಿಯೂ ಅದೇ ಅಳತೆಯದಾಗಿರಲಿ. ಹಲ್ಲು 1.6 ಮಿಲಿಮೀಟರಿಗೆ ಸವೆದ ಮೇಲೆ ಟೈರನ್ನು ಬಳಸುವುದು ನಿಯಮಕ್ಕೂ ವಿರುದ್ಧ, ಜೀವಕ್ಕೂ ಅಪಾಯ.

ಬೆರಳಗಲದ ಎತ್ತರಕ್ಕಾಗಿ ಬ್ರೇಕಿನ ಬಲ, ಮೀಟರಿನ ಸತ್ಯ, ವಿಮೆಯ ಆಸರೆ ಇವೆಲ್ಲವನ್ನೂ ಒತ್ತೆಯಿಡುವುದು ಸಂಸಾರವಂತರಿಗೆ ತಕ್ಕ ವ್ಯಾಪಾರವಲ್ಲ. ನೆಲವನ್ನು ನೋಡಿ ಟೈರು ಆರಿಸಿ, ಹೊರೆಯನ್ನು ನೋಡಿ ಗಾಳಿ ತುಂಬಿಸಿ, ಮಳೆಯನ್ನು ನೋಡಿ ಹೊಲಕ್ಕೆ ಇಳಿಯುವವನ ಗಾಡಿ ಕಂಪನಿಯ ಗಾಲಿಯ ಮೇಲೆಯೇ ಸುಖವಾಗಿ ಮನೆ ಸೇರುತ್ತದೆ.