ಗುಜರಿಯಿಂದ ಬಂದ ಗಡಿಯಾರ

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ವಿದ್ಯುತ್ತು, ಅನಿಲ, ವೋಲ್ಟುಗಳ ಮಾತೆತ್ತಿದರೆ ಅದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಇತಿಹಾಸ ನನ್ನ ಐಚ್ಛಿಕ ವಿಷಯ; ಭೌತಶಾಸ್ತ್ರವನ್ನು ಪ್ರೌಢಶಾಲೆಯ ಬಾಗಿಲಲ್ಲೇ ಬಿಟ್ಟು ಬಂದವನು ನಾನು. ಆದರೂ ಕಳೆದ ಬೇಸಗೆಯ ರಜೆಯಲ್ಲಿ ನನ್ನ ಕೈಯಾರೆ ಒಂದು ಗಡಿಯಾರವನ್ನು ಕಟ್ಟಿದೆ. ಅದನ್ನು ಕಟ್ಟಿದ ಬಗೆಯನ್ನೂ, ಕಟ್ಟುವ ಮುನ್ನ ಮಾಡಹೊರಟಿದ್ದ ಒಂದು ತಪ್ಪನ್ನೂ ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ನನ್ನ ಗಡಿಯಾರದಲ್ಲಿ ಮುಳ್ಳುಗಳಿಲ್ಲ. ನಾಲ್ಕು ಗಾಜಿನ ಕೊಳವೆಗಳಿವೆ. ಒಂದೊಂದರೊಳಗೂ ಒಂದು ಅಂಕಿ ಕೆಂಡದ ಬಣ್ಣದಲ್ಲಿ ಬೆಳಗುತ್ತದೆ. ಇವುಗಳಿಗೆ ನಿಕ್ಸಿ ಕೊಳವೆಗಳೆಂದು ಹೆಸರು. ಅಮೆರಿಕದ ಬರೋಸ್ ಸಂಸ್ಥೆ ಇವನ್ನು 1955ರಲ್ಲಿ ಮಾರುಕಟ್ಟೆಗೆ ತಂದಿತು. ವೋಲ್ಟ್‌ಮೀಟರುಗಳಲ್ಲಿ, ಲೆಕ್ಕದ ಯಂತ್ರಗಳಲ್ಲಿ ಅಂಕಿಗಳನ್ನು ತೋರಿಸುವ ಕೆಲಸ ಇವುಗಳದಾಗಿತ್ತು. 1961ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ‘ಅನಿಟಾ’ ಎಂಬ ಎಲೆಕ್ಟ್ರಾನಿಕ್ ಲೆಕ್ಕಯಂತ್ರದ ಮುಖದಲ್ಲಿಯೂ ಇಂಥ ಕೊಳವೆಗಳೇ ಇದ್ದುವು. 1970ರ ದಶಕದಲ್ಲಿ ಕಡಿಮೆ ವೋಲ್ಟಿನಲ್ಲಿ ಉರಿಯುವ ಎಲ್.ಇ.ಡಿ. ಅಂಕಿಗಳು ಬಂದು ಇವನ್ನು ಮೂಲೆಗೆ ತಳ್ಳಿದುವು. ಸೋವಿಯತ್ ದೇಶದಲ್ಲಿ ಮಾತ್ರ ತಯಾರಿಕೆ ಇನ್ನೂ ಕೆಲಕಾಲ ನಡೆಯಿತು. 1991ರಲ್ಲಿ ಆ ಒಕ್ಕೂಟ ಒಡೆದ ಮೇಲೆ ಉಗ್ರಾಣಗಳಲ್ಲಿ ಉಳಿದಿದ್ದ ಕೊಳವೆಗಳು ಹವ್ಯಾಸಿಗಳ ಕೈಸೇರಿ, ಲೋಕದ ನಾನಾ ಕಡೆ ಗಡಿಯಾರಗಳಾದುವು. ಸಾಮ್ರಾಜ್ಯಗಳ ಪತನವನ್ನು ಪಾಠವಾಗಿ ಓದುವ ನನಗೆ ಈ ಸಂಗತಿ ವಿಶೇಷ ಸ್ವಾರಸ್ಯದ್ದಾಗಿ ಕಂಡಿತು.

ಈ ಕೊಳವೆ ಬೆಳಗುವ ಬಗೆ ಹೀಗೆ. ಗಾಳಿಯನ್ನು ತೆಗೆದು, ಬಹುಪಾಲು ನಿಯಾನ್ ಅನಿಲವನ್ನು ಕಡಿಮೆ ಒತ್ತಡದಲ್ಲಿ ತುಂಬಿರುತ್ತಾರೆ. ಒಳಗೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳ ಆಕಾರದ ಹತ್ತು ಲೋಹದ ತುಂಡುಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ಇವು ಋಣಾಗ್ರಗಳು. ಇವಕ್ಕೆಲ್ಲ ಸೇರಿ ಬಲೆಯಂಥ ಒಂದೇ ಧನಾಗ್ರ. ಧನಾಗ್ರಕ್ಕೂ ಯಾವುದಾದರೊಂದು ಅಂಕಿಗೂ ನಡುವೆ ಸುಮಾರು 170 ವೋಲ್ಟು ಕೊಟ್ಟರೆ ಅನಿಲದ ಕಣಗಳು ಒಡೆದು ವಿದ್ಯುತ್ತು ಹರಿಯುತ್ತದೆ. ಆ ಅಂಕಿಯ ಸುತ್ತ ಮಾತ್ರ ನಿಯಾನ್ ಕಿತ್ತಳೆಗೆಂಪಾಗಿ ಹೊಳೆಯುತ್ತದೆ. ಬಲ್ಬಿನಲ್ಲಿರುವಂತೆ ಇಲ್ಲಿ ಕಾದು ಕೆಂಪಾಗುವ ತಂತಿಯಿಲ್ಲ. ಅಂಕಿಗಳು ಹಿಂದುಮುಂದಾಗಿ ನಿಂತಿರುವುದರಿಂದ ಒಂದು ಅಂಕಿ ಗಾಜಿನ ಹತ್ತಿರವೂ ಇನ್ನೊಂದು ಆಳದಲ್ಲೂ ಬೆಳಗುತ್ತದೆ. ನಿಮಿಷ ಬದಲಾದಾಗ ಬೆಳಕು ಹಿಂದಕ್ಕೋ ಮುಂದಕ್ಕೋ ಹೆಜ್ಜೆಯಿಟ್ಟಂತೆ ಕಾಣುವುದು ಇದರಿಂದಲೇ.

ಇಂಥ ಗಡಿಯಾರದ ಚಿತ್ರವೊಂದನ್ನು ನೋಡಿದಂದಿನಿಂದ ನನಗೆ ಅದರದೇ ಧ್ಯಾನ. ನಮ್ಮೂರಿನಲ್ಲಿ ರೇಡಿಯೋ ರಿಪೇರಿಯ ಅಂಗಡಿಯಿಟ್ಟಿರುವ ನನ್ನ ಸೋದರಮಾವ ಬಿಡಿಭಾಗ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಟಾಗ ನಾನೂ ಬೆನ್ನುಹತ್ತಿದೆ. ಅಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದರ ಮೂಲೆಯಲ್ಲಿ ಧೂಳು ಹಿಡಿದ ಎರಡು ಪೆಟ್ಟಿಗೆಗಳು ಸಿಕ್ಕಿದುವು. ಒಂದು, ಆರು ಕೊಳವೆಗಳ ಫ್ರೀಕ್ವೆನ್ಸಿ ಕೌಂಟರ್, ಎಂದರೆ ಸೆಕೆಂಡಿಗೆ ಎಷ್ಟು ವಿದ್ಯುತ್ತರಂಗಗಳೆಂದು ಎಣಿಸುವ ಯಂತ್ರ. ಇನ್ನೊಂದು, ನಾಲ್ಕು ಕೊಳವೆಗಳ ವೋಲ್ಟ್‌ಮೀಟರು. ಅದರ ಒಳಭಾಗ ನೀರು ಬಿದ್ದು ಕಿಲುಬುಗಟ್ಟಿತ್ತು. ಎರಡನ್ನೂ ತೂಕದ ಲೆಕ್ಕದಲ್ಲೇ ಕೊಟ್ಟರು.

ಮನೆಗೆ ಬಂದವನೇ ಸ್ಕ್ರೂಡ್ರೈವರ್ ಹಿಡಿದು ಕೌಂಟರಿನ ಮುಂದೆ ಕುಳಿತೆ. ಆರು ಕೊಳವೆಗಳಿದ್ದರೆ ಸೆಕೆಂಡುಗಳನ್ನೂ ತೋರಿಸಬಹುದೆಂಬ ಆಸೆ.

“ಏನೋ, ಅದಕ್ಕೆ ಜೀವ ಇದೆಯೋ ಇಲ್ಲವೋ ನೋಡಿದೆಯಾ?” ಎಂದರು ಮಾವ.

“ಗುಜರಿಯಲ್ಲಿ ಬಿದ್ದಿದ್ದು ಮಾವ, ಎಲ್ಲಿಯ ಜೀವ?” ಎಂದೆ.

“ಗುಜರಿಗೆ ಹಾಕಿದವರು ನೋಡಿದ್ದರು ಅಂತ ಯಾರು ಹೇಳಿದರು ನಿನಗೆ? ಈಚೆ ಕೊಡು.”

ಅವರು ಮುಚ್ಚಳ ತೆಗೆದು, ಧೂಳು ಊದಿ, ಒಂದೊಂದೇ ಭಾಗವನ್ನು ಮೀಟರಿನಿಂದ ಪರೀಕ್ಷಿಸಿದರು. ಹೋಗಿದ್ದುದು ಒಂದು ಫ್ಯೂಸ್ ಮಾತ್ರ. ಹೊಸದನ್ನು ಹಾಕಿ ಸ್ವಿಚ್ಚು ಒತ್ತಿದೊಡನೆ ಆರು ಸೊನ್ನೆಗಳು ಒಟ್ಟಿಗೆ ಹೊತ್ತಿಕೊಂಡುವು. ನನ್ನ ಮುಖ ಬಾಡಿತೆಂಬುದನ್ನು ಮುಚ್ಚಿಡಲಾರೆ. ಯಂತ್ರ ಸತ್ತಿದ್ದರೇ ಚೆನ್ನಾಗಿತ್ತೆಂದು ಆ ಕ್ಷಣ ಅನ್ನಿಸಿತು. “ಕೊಂಡವನು ನೀನು. ಒಡೆಯುವುದೂ ಬಿಡುವುದೂ ನಿನಗೆ ಸೇರಿದ್ದು” ಎಂದು ಮಾವ ಊಟಕ್ಕೆ ಎದ್ದುಹೋದರು. ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಈ ಕೊಳವೆಗಳ ದೊಡ್ಡ ಕಾರ್ಖಾನೆಗಳೆಲ್ಲ ಮುಚ್ಚಿಹೋಗಿವೆ. ಚೆಕ್ ದೇಶದ ಡಾಲಿಬೋರ್ ಫಾರ್ನಿಯವರಂಥ ಬೆರಳೆಣಿಕೆಯ ಮಂದಿ ಮಾತ್ರ ಹೊಸದಾಗಿ ಕೈಯಿಂದ ತಯಾರಿಸತೊಡಗಿದ್ದಾರೆ. ಬೇಡಿಕೆ ಹೆಚ್ಚಿದಂತೆ, ಕೆಲಸ ಮಾಡುವ ಉಪಕರಣಗಳನ್ನೂ ಕೊಳವೆಗಾಗಿ ಒಡೆಯುವ ಆಸೆ ಯಾರಿಗೂ ಹುಟ್ಟಬಹುದು. ಸತ್ತುದಕ್ಕೆ ಮರುಜೀವ ಕೊಡುವುದು ಹವ್ಯಾಸ; ಬದುಕಿರುವುದನ್ನು ಅಲಂಕಾರಕ್ಕಾಗಿ ಕೊಲ್ಲುವುದಕ್ಕೆ ಬೇರೆ ಹೆಸರಿರಬೇಕು. ಬೆಳಿಗ್ಗೆ ಕೌಂಟರಿನ ಮುಚ್ಚಳ ಹಾಕಿ, ವೋಲ್ಟ್‌ಮೀಟರನ್ನು ಕೈಗೆತ್ತಿಕೊಂಡೆ. ಅದನ್ನೂ ಮಾವ ಮೊದಲು ಪರೀಕ್ಷಿಸಿ, ರಿಪೇರಿಗೆ ಮೀರಿದ್ದೆಂದು ಹೇಳಿದ ಮೇಲೆಯೇ ಬಿಚ್ಚಿದ್ದು.

ಇನ್ನು ಕಟ್ಟುವ ಕ್ರಮ. ಹನ್ನೆರಡು ವೋಲ್ಟಿನ ಅಡಾಪ್ಟರಿನಿಂದ ಬರುವ ವಿದ್ಯುತ್ತನ್ನು ಒಂದು ಸಣ್ಣ ಮಂಡಲ 180 ವೋಲ್ಟಿಗೆ ಏರಿಸುತ್ತದೆ. ಕೊಳವೆ ಹೊತ್ತಿದ ಮೇಲೆ ಅದರ ನಡುವೆ ಸುಮಾರು 140 ವೋಲ್ಟು ನಿಲ್ಲುತ್ತದೆ. ಮಿಕ್ಕ 40 ವೋಲ್ಟನ್ನು ಒಂದು ರೆಸಿಸ್ಟರು ಹೊರಬೇಕು. ಇಲ್ಲದಿದ್ದರೆ ಪ್ರವಾಹ ಮಿತಿಮೀರಿ ಕೊಳವೆ ಹಾಳಾಗುತ್ತದೆ. ನಮಗೆ ಬೇಕಾದ ಪ್ರವಾಹ 2.5 ಮಿಲಿಆಂಪಿಯರ್. 40ನ್ನು 0.0025ರಿಂದ ಭಾಗಿಸಿದರೆ 16,000 ಓಮ್. ಪ್ರೌಢಶಾಲೆಯಲ್ಲಿ ಬಾಯಿಪಾಠ ಮಾಡಿದ ಓಮನ ನಿಯಮ ನನ್ನ ಉಪಯೋಗಕ್ಕೆ ಬಂದುದು ಅದೇ ಮೊದಲ ಸಲ.

ಕಾಲವನ್ನು ಎಣಿಸುವುದು ಒಂದು ಸ್ಫಟಿಕ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಅದೇ ಒಂದು ಸೆಕೆಂಡು. ನಾನು ಬಳಸಿದ ಡಿಎಸ್3231 ಎಂಬ ಚಿಪ್ಪು ಸಾಮಾನ್ಯ ಹವೆಯಲ್ಲಿ ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷದಷ್ಟು ತಪ್ಪಬಹುದು. ಪುಟ್ಟ ಆರ್ಡುಯಿನೋ ಹಲಗೆ ಅದರಿಂದ ವೇಳೆಯನ್ನು ಓದಿ, ಪ್ರತಿ ಅಂಕಿಯನ್ನೂ ನಾಲ್ಕು ತಂತಿಗಳ ಮೇಲೆ ಕಳಿಸುತ್ತದೆ. ಆ ತಂತಿಗಳ ಬೆಲೆ 8, 4, 2, 1; ಏಳು ಬೇಕಾದರೆ ಕೊನೆಯ ಮೂರು ತಂತಿಗಳು ಎಚ್ಚರಗೊಳ್ಳುತ್ತವೆ. ಕೆ155ಐಡಿ1 ಎಂಬ ಸೋವಿಯತ್ ಚಿಪ್ಪು ಇದನ್ನು ಅರ್ಥಮಾಡಿಕೊಂಡು, ಹತ್ತು ಋಣಾಗ್ರಗಳಲ್ಲಿ ತಕ್ಕದೊಂದಕ್ಕೆ ದಾರಿ ತೆರೆಯುತ್ತದೆ.

ಇಲ್ಲೊಂದು ಎಚ್ಚರಿಕೆ. 180 ವೋಲ್ಟು ಆಟದ ವಸ್ತುವಲ್ಲ. ಅಡಾಪ್ಟರನ್ನು ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರುತ್ತದೆ. ಇದನ್ನು ಮರೆತು ಒಮ್ಮೆ ಮುಟ್ಟಿದೆ; ಮೊಣಕೈಯವರೆಗೆ ಜೋಮು ಹಿಡಿಯಿತು. ಮಾವ ನನ್ನನ್ನು ಬಯ್ದು, ಪರೀಕ್ಷಿಸುವಾಗ ಒಂದು ಕೈ ಯಾವಾಗಲೂ ಜೇಬಿನಲ್ಲಿರಬೇಕೆಂದು ಕಲಿಸಿದರು. ಎರಡು ಕೈಯಿಂದ ಮುಟ್ಟಿದರೆ ಪ್ರವಾಹ ಎದೆಯ ಮೂಲಕ ಹಾಯಬಹುದು.

ನಾಲ್ಕು ಕೊಳವೆಗಳಲ್ಲಿ ಎರಡು ಮಾತ್ರ ಪೂರ್ಣ ಆರೋಗ್ಯವಾಗಿದ್ದುವು. ಒಂದರಲ್ಲಿ 3 ಮತ್ತು 9 ಅರ್ಧವಷ್ಟೇ ಬೆಳಗುತ್ತಿದ್ದುವು. ಕಾರಣವಿದು: ಒಂದೇ ಅಂಕಿ ಬಹುಕಾಲ ಉರಿದರೆ ಅದರಿಂದ ಸಿಡಿದ ಲೋಹದ ಕಣಗಳು ಕೆಲಸವಿಲ್ಲದೆ ನಿಂತ ಅಂಕಿಗಳ ಮೇಲೆ ಕೂರುತ್ತವೆ. ಮದ್ದೂ ಸರಳ. ಮಂಕಾದ ಅಂಕಿಯನ್ನೇ ತುಸು ಹೆಚ್ಚು ಪ್ರವಾಹದಿಂದ ಗಂಟೆಗಟ್ಟಲೆ ಉರಿಸಿದರೆ ಆ ಲೇಪ ಸಿಡಿದುಹೋಗುತ್ತದೆ. ಎರಡು ರಾತ್ರಿ ಹಾಗೆ ಮಾಡಿದ ಮೇಲೆ ಅವೆರಡೂ ತುಂಬಿ ಬೆಳಗಿದುವು. ಆ ರೋಗ ಮರುಕಳಿಸದಿರಲೆಂದು ಈಗ ಪ್ರತಿದಿನ ಬೆಳಗಿನ ಜಾವ ಮೂರು ಗಂಟೆಗೆ ಎಲ್ಲ ಅಂಕಿಗಳೂ ಸರದಿಯಂತೆ ಹೊತ್ತಿ ವ್ಯಾಯಾಮ ಮಾಡುತ್ತವೆ.

ಇನ್ನೊಂದು ಕೊಳವೆಯಲ್ಲಿ 8 ಎಂಬ ಅಂಕಿಗೆ ಸಂಪರ್ಕವೇ ಕಡಿದುಹೋಗಿತ್ತು. ಗಾಜಿನೊಳಗಿನ ಗಾಯಕ್ಕೆ ಮದ್ದಿಲ್ಲ. ಎಸೆಯಬೇಕೆಂದಿದ್ದೆ. ಆಗ ಹೊಳೆಯಿತು: 24 ಗಂಟೆಯ ಲೆಕ್ಕದ ಗಡಿಯಾರದಲ್ಲಿ ಎಲ್ಲಕ್ಕಿಂತ ಎಡಗಡೆಯ ಸ್ಥಾನಕ್ಕೆ 0, 1, 2 ಬಿಟ್ಟು ಬೇರೆ ಅಂಕಿಯೇ ಬೇಕಾಗಿಲ್ಲ! ಆ ಕೊಳವೆಯನ್ನು ಅಲ್ಲಿಟ್ಟೆ. ತನ್ನ ಊನ ಯಾರಿಗೂ ತಿಳಿಯದಂತೆ ಅದು ಇಂದಿಗೂ ದುಡಿಯುತ್ತಿದೆ.

ಗಡಿಯಾರ ನನ್ನ ಓದುವ ಮೇಜಿನ ಮೇಲಿದೆ. ಸೆಕೆಂಡುಗಳನ್ನು ಅದು ತೋರಿಸುವುದಿಲ್ಲ. ಅದಕ್ಕಾಗಿ ನನಗೆ ಈಗ ಬೇಸರವಿಲ್ಲ. ಆರು ಕೊಳವೆಗಳ ಆ ಕೌಂಟರು ಮಾವನ ಅಂಗಡಿಯಲ್ಲಿ, ರಿಪೇರಿಗೆ ಬಂದ ರೇಡಿಯೋಗಳ ತರಂಗಗಳನ್ನು ಎಣಿಸುತ್ತ ಕುಳಿತಿದೆ. ಹಳೆಯ ಉಪಕರಣವೊಂದು ನಿಮ್ಮ ಕೈಗೆ ಸಿಕ್ಕರೆ, ಮಿತ್ರರೇ, ಬಿಚ್ಚುವ ಮೊದಲು ಅದರ ಫ್ಯೂಸನ್ನು ನೋಡಿ.