ಭಜ್ಜಿಯ ಗಡಿಗೆ, ಕೂದಲಿಗಿಂತ ಸಣ್ಣ ನಾಳ

ಎಳ್ಳ ಅಮಾಸಿಯ ದಿನ ಹೊತ್ತೇರುವಷ್ಟರಲ್ಲಿ ಆಳಂದ ತಾಲ್ಲೂಕಿನ ಮಟಕಿ ಊರಿಗೆ ಊರೇ ಹೊಲಕ್ಕೆ ಬಂದಿರುತ್ತದೆ. ಎರೆಮಣ್ಣು ಬಾಯಿಬಿಟ್ಟಿದೆ. ಒಂದು ಕಡೆ ಒಣಗುತ್ತ ಬಂದ ತೊಗರಿ, ಇನ್ನೊಂದು ಕಡೆ ಎದೆಮಟ್ಟ ಬಿಳಿಜೋಳ, ನಡುವೆ ನೆಲ ಮುಚ್ಚಿದ ಕಡಲೆ. ಬನ್ನಿಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲು, ಅವರೇ ಪಾಂಡವರು. ಪೂಜೆ ಮುಗಿಸಿ, ಬೆಳೆಗೆ ಚರಗ ಚೆಲ್ಲಿ ಬಂದಮೇಲೆ ಬುಟ್ಟಿಗಳ ಬಿಳಿ ಬಟ್ಟೆ ಸರಿಯುತ್ತದೆ.

ಮೊದಲು ಮೂಗಿಗೆ ಬಡಿಯುವುದು ಭಜ್ಜಿ. ಹಸಿ ತೊಗರಿಕಾಳು, ಅವರೆ, ಬದನೆ, ಮೆಂತೆ, ಪುಂಡಿಪಲ್ಯ, ಉಳ್ಳಾಗಡ್ಡಿ ತಪ್ಪಲು, ಹುಣಸೆ, ಶೇಂಗಾ, ಎಲ್ಲವೂ ಒಂದೇ ಗಡಿಗೆಯಲ್ಲಿ ಕುದ್ದು ಗಟ್ಟಿಯಾಗಿವೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಗುದ್ದಿ ಒಡೆದ ಉಳ್ಳಾಗಡ್ಡಿ, ನಿಂಬಿಕಾಯಿ ಉಪ್ಪಿನಕಾಯಿ. “ಹಕ್ಕರಕಿ ಹಸೀದೇ ತಿನ್ನಪಾ ತಮ್ಮಾ, ರೊಟ್ಟಿ ಸಂಗಟ ಛಲೋ ಆಗ್ತದ” ಎನ್ನುತ್ತ ಆಯಿ ಒಂದು ಹಿಡಿ ತಪ್ಪಲು ನೀಡುತ್ತಾಳೆ.

ಈ ಊಟ ಮೈಯ ಅತಿ ಸಣ್ಣ ಓಣಿಗಳವರೆಗೂ ಹೋಗುತ್ತದೆ. ಅತಿ ಸಣ್ಣ ರಕ್ತನಾಳವಾದ ಲೋಮನಾಳದ ಅಗಲ 5ರಿಂದ 10 ಮೈಕ್ರಾನ್. ಕೆಂಪು ರಕ್ತಕಣಗಳು ಒಂದರ ಹಿಂದೊಂದು, ಎಷ್ಟೋ ಕಡೆ ಮೈ ಬಾಗಿಸಿಯೇ ಹಾಯಬೇಕು. ಗೋಡೆ ಒಂದೇ ಜೀವಕೋಶದಷ್ಟು ದಪ್ಪ. ಅದಕ್ಕೆ ಆಸರೆಯಾದ ಕೊಲಾಜೆನ್ ಗಟ್ಟಿಯಾಗಲು ಸಿ ಜೀವಸತ್ವ ಬೇಕೇ ಬೇಕು. ಅದು ತೀರ ಕಡಿಮೆಯಾದರೆ ಒಸಡು ಒಸರುತ್ತದೆ, ಚರ್ಮದಡಿ ರಕ್ತದ ಚುಕ್ಕೆಗಳು ಮೂಡುತ್ತವೆ. 1936ರಲ್ಲಿ ಹಂಗೆರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಮತ್ತು ಸಂಗಡಿಗರು ಇನ್ನೊಂದು ಮಾತು ಹೇಳಿದರು: ಬರೀ ಸಿ ಜೀವಸತ್ವಕ್ಕೆ ಬಗ್ಗದ ಸೋರಿಕೆಗೆ ನಿಂಬೆ, ಕೆಂಪು ಮೆಣಸಿನಕಾಯಿಗಳಲ್ಲಿರುವ ಫ್ಲೇವನಾಯ್ಡ್‌ಗಳು ತಡೆಯಾಗುತ್ತವೆ. ಅವಕ್ಕೆ ‘ಪಿ ಜೀವಸತ್ವ’ ಎಂದು ಹೆಸರಿಟ್ಟರು. ಜೀವಸತ್ವವೆಂಬುದು ಸಾಬೀತಾಗಲಿಲ್ಲ, 1950ರ ಹೊತ್ತಿಗೆ ಆ ಹೆಸರು ಬಿದ್ದುಹೋಯಿತು. ಆದರೆ ಇದೇ ಫ್ಲೇವನಾಯ್ಡ್ ಬಳಗದ, ನಿಂಬೆ ಜಾತಿಯ ಹೆಸ್ಪೆರಿಡಿನ್ 50 ಮಿಲಿಗ್ರಾಂ, ಡಯೋಸ್ಮಿನ್ 450 ಮಿಲಿಗ್ರಾಂ ಸೇರಿದ ಗುಳಿಗೆಯನ್ನು ಮೂಲವ್ಯಾಧಿಗೂ ಕಾಲಿನ ಉಬ್ಬಿದ ನರಗಳಿಗೂ ವೈದ್ಯರು ಇಂದಿಗೂ ಬರೆದುಕೊಡುತ್ತಾರೆ.

ಹೆಸ್ಪೆರಿಡಿನ್ ಹೆಚ್ಚಾಗಿರುವುದು ರಸದಲ್ಲಲ್ಲ, ಸಿಪ್ಪೆಯಲ್ಲಿ, ಅದರೊಳಗಿನ ಬಿಳಿ ಪದರದಲ್ಲಿ. ಆಯಿಯ ಉಪ್ಪಿನಕಾಯಿ ಸಿಪ್ಪೆಯನ್ನು ಬಿಟ್ಟಿಲ್ಲ! ಅಫಜಲಪುರದ ಮಗ್ಗುಲಿನ ಇಂಡಿಯ ನಿಂಬೆಗೆ ಈ ಸೀಮೆಯಲ್ಲೆಲ್ಲ ಹೆಸರಿದೆ. ಉಳ್ಳಾಗಡ್ಡಿಯ ಕ್ವೆರ್ಸೆಟಿನ್ ಹೊರಪದರಗಳಲ್ಲೇ ದಟ್ಟ; ಬದನೆಯ ನೇರಳೆ ಬಣ್ಣ, ಪುಂಡಿಯ ದಂಟಿನ ಕೆಂಪು ಆಂಥೋಸಯನಿನ್; ಇವೂ ಫ್ಲೇವನಾಯ್ಡ್‌ಗಳೇ. ಬೇಯಿಸಿದ ನೀರು ಬಸಿದರೆ ಇವುಗಳಲ್ಲಿ ಒಂದು ಪಾಲು ನೀರಿನೊಂದಿಗೇ ಹೋಗುತ್ತದೆ. ಭಜ್ಜಿಯಲ್ಲಿ ಬಸಿಯುವ ಮಾತೇ ಇಲ್ಲ. ಕುದಿತಕ್ಕೆ ಕರಗಿದ ಸಿ ಜೀವಸತ್ವವನ್ನು ಹಸಿ ತಪ್ಪಲು, ನಿಂಬೆಹುಳಿ ತುಂಬಿಕೊಡುತ್ತವೆ. ಇಷ್ಟು ಹೊಂದಿಕೆಯ ಎಡೆಯನ್ನು ಯಾವ ಪ್ರಯೋಗಾಲಯವೂ ಹೇಳಿಕೊಟ್ಟದ್ದಲ್ಲ.

ಸಕ್ಕರೆ ಕಾಯಿಲೆಯವರ ಕಣ್ಣಿನ, ಮೂತ್ರಪಿಂಡದ ಸಣ್ಣ ನಾಳಗಳನ್ನು ಹಕ್ಕರಕಿಯೊಂದೇ ಕಾಯುತ್ತದೆಂದು ಮಾತ್ರ ಯಾರೂ ನಂಬಬಾರದು. ಸಕ್ಕರೆ, ಬಿಪಿ ಹತೋಟಿಯಲ್ಲಿರಬೇಕು, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಆಗಬೇಕು. ತಪ್ಪಲು ಔಷಧಿಯ ಜಾಗಕ್ಕಲ್ಲ, ದಿನದ ತಾಟಿಗೆ.

ಬಿಸಿಲು ಇಳಿಯುತ್ತಿದ್ದಂತೆ ಹೆಂಗಸರು ನಾಳೆಯ ಪಲ್ಯಕ್ಕೆ ಕಡಲೆ ಕುಡಿ ಚಿವುಟಿ ಉಡಿ ತುಂಬಿಕೊಳ್ಳುತ್ತಾರೆ. ಕಡಲೆಯಂತೆ ಹಕ್ಕರಕಿಯನ್ನು ಇಲ್ಲಿ ಯಾರೂ ಬಿತ್ತುವುದಿಲ್ಲ. ಅದು ತಾನಾಗಿ ಹುಟ್ಟುವ ತಪ್ಪಲು, ಕಳೆನಾಶಕ ಬಿದ್ದಲ್ಲಿ ಉಳಿಯದು. ಒಡ್ಡಿನ ಮಗ್ಗುಲಿನ ಒಂದು ಪಟ್ಟಿಗಾದರೂ ಕಳೆನಾಶಕ ಹೊಡೆಯಬೇಡಿ ಎಂದು ಒಕ್ಕಲುಮಕ್ಕಳನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.