ಕಾರ್ಯಾಚರಣಾ ವ್ಯವಸ್ಥೆಯ ನವೀಕರಣ ಮತ್ತು ಅಂಧರ ಸಹಾಯಕ ತಂತ್ರಾಂಶಗಳು

ಕಾರ್ಯಾಚರಣಾ ವ್ಯವಸ್ಥೆಯ ನವೀಕರಣ ಎಂದರೆ ವಿಂಡೋಸ್, ಮ್ಯಾಕ್ ಓಎಸ್, ಐಓಎಸ್, ಲಿನಕ್ಸ್ ಮೊದಲಾದ ಮೂಲ ತಂತ್ರಾಂಶಗಳ ಹಳೆಯ ಆವೃತ್ತಿಯ ಸ್ಥಾನದಲ್ಲಿ ಹೊಸ ಆವೃತ್ತಿಯನ್ನು ಅಳವಡಿಸುವುದು. ಹೆಚ್ಚಿನ ಬಳಕೆದಾರರಿಗೆ ಇದು ಪರದೆಯ ಅಂದಚೆಂದದ ಬದಲಾವಣೆಯಾಗಿ ತೋರುತ್ತದೆ. ಆದರೆ ಪರದೆಯ ಮೇಲಿನ ಬರಹವನ್ನು ಧ್ವನಿಯಾಗಿಯೋ ಬ್ರೈಲ್ ಆಗಿಯೋ ಒದಗಿಸುವ ಸ್ಕ್ರೀನ್ ರೀಡರ್‌ಗಳು ಹಾಗೂ ಕೇವಲ ಧ್ವನಿಯ ಆಧಾರದಿಂದ ಆಡಬಹುದಾದ ಶ್ರವ್ಯ ಆಟಗಳು ನವೀಕರಣದ ಬಳಿಕ ಭಾಗಶಃ ಅಥವಾ ಪೂರ್ಣವಾಗಿ ನಿಂತುಹೋದ ಸಂದರ್ಭಗಳು ಹಲವು. ಇತರ ತಂತ್ರಾಂಶಗಳಿಗಿಂತ ಇವು ವ್ಯವಸ್ಥೆಯ ಒಳಪದರಗಳನ್ನು ಹೆಚ್ಚಾಗಿ ಅವಲಂಬಿಸಿರುವುದೇ ಇದಕ್ಕೆ ಮುಖ್ಯ ಕಾರಣ.

ಸ್ಕ್ರೀನ್ ರೀಡರ್ ಕೆಲಸ ಮಾಡುವ ಬಗೆ

ಪತ್ರ ಬರೆಯುವ ಅಥವಾ ಲೆಕ್ಕ ಇಡುವ ತಂತ್ರಾಂಶ ತನ್ನ ಕಿಟಕಿಯೊಳಗೆ ತನ್ನ ಪಾಡಿಗೆ ಇರುತ್ತದೆ. ಸ್ಕ್ರೀನ್ ರೀಡರ್ ಹಾಗಲ್ಲ. ಅದು ಉಳಿದೆಲ್ಲ ತಂತ್ರಾಂಶಗಳೊಳಗೆ ಇಣುಕಬೇಕು, ಕೀಲಿಮಣೆಯ ಪ್ರತಿಯೊಂದು ಒತ್ತನ್ನೂ ಗಮನಿಸಬೇಕು, ಪರದೆಯಲ್ಲಿ ಏನು ಬದಲಾಯಿತೆಂದು ಕ್ಷಣಕ್ಷಣವೂ ತಿಳಿಯುತ್ತಿರಬೇಕು. 1990ರ ದಶಕದಲ್ಲಿ ವಿಂಡೋಸ್‌ಗಾಗಿ ಬಂದ ಜಾಸ್‌ನಂತಹ ಸ್ಕ್ರೀನ್ ರೀಡರ್‌ಗಳು, ಪರದೆಯ ಮೇಲೆ ಚಿತ್ರ ಬಿಡಿಸಲು ಹೊರಟ ಆದೇಶಗಳನ್ನು ದಾರಿಯಲ್ಲೇ ಓದಿಕೊಂಡು, ಪರದೆಯ ಪ್ರತಿಕೃತಿಯೊಂದನ್ನು ಸ್ಮೃತಿಯಲ್ಲಿ ಕಟ್ಟಿಕೊಳ್ಳುತ್ತಿದ್ದವು. ಗೋಡೆಗೆ ಕಿವಿಗೊಟ್ಟು ಪಕ್ಕದ ಮನೆಯ ಮಾತು ಕೇಳುವಂತಹ ಉಪಾಯವಿದು. ಗೋಡೆಯನ್ನು ಕೆಡವಿ ಕಟ್ಟಿದಾಗ ಕೇಳಿಸದೆ ಹೋಗುವುದು ಸಹಜ. ವಿಂಡೋಸ್ ವಿಸ್ಟಾದಲ್ಲಿ (2007) ಪರದೆಯನ್ನು ಚಿತ್ರಿಸುವ ಕ್ರಮವೇ ಬದಲಾಯಿತು. ವಿಂಡೋಸ್ 8ರಲ್ಲಿ (2012) ಇಂತಹ ಕೆಲಸಕ್ಕೆ ಬಳಕೆಯಲ್ಲಿದ್ದ ಹಳೆಯ ಬಗೆಯ ಮಿರರ್ ಡ್ರೈವರ್‌ಗಳಿಗೆ ಎಡೆಯಿಲ್ಲವಾಯಿತು.

ಅಧಿಕೃತ ಹಾದಿಯೂ ಒಂದಿತ್ತು. 1997ರಲ್ಲಿ ಮೈಕ್ರೋಸಾಫ್ಟ್ 'ಆಕ್ಟಿವ್ ಆಕ್ಸೆಸಿಬಿಲಿಟಿ'ಯನ್ನೂ ವಿಸ್ಟಾದ ಕಾಲದಲ್ಲಿ 'ಯುಐ ಆಟೊಮೇಷನ್' ಅನ್ನೂ ಒದಗಿಸಿತು. ಇವುಗಳಲ್ಲಿ ತಂತ್ರಾಂಶವೇ 'ನಾನು ಗುಂಡಿ, ನನ್ನ ಹೆಸರು ಉಳಿಸು' ಎಂದು ಸ್ಕ್ರೀನ್ ರೀಡರ್‌ಗೆ ಹೇಳಿಕೊಳ್ಳುತ್ತದೆ. ಇದು ಹೆಚ್ಚು ಭದ್ರವಾದ ವಿಧಾನ. ಆದರೆ ಹೇಳಿಕೊಳ್ಳುವ ಹೊಣೆ ಆಯಾ ತಂತ್ರಾಂಶ ರಚಿಸಿದವರ ಮೇಲೆ ಬಿತ್ತು. ತಮ್ಮ ಪರದೆಯನ್ನು ತಾವೇ ಬಿಡಿಸಿಕೊಳ್ಳುವ ಸಾಮಾನ್ಯ ವಿಡಿಯೋ ಆಟಗಳು ಬಹುಮಟ್ಟಿಗೆ ಏನನ್ನೂ ಹೇಳುವುದಿಲ್ಲ. ಅಲ್ಲಿ ಸ್ಕ್ರೀನ್ ರೀಡರ್ ಮೌನವಾಗಿರುತ್ತದೆ.

ಶ್ರವ್ಯ ಆಟಗಳು

ಈ ಮೌನವೇ ಶ್ರವ್ಯ ಆಟಗಳ ಹುಟ್ಟಿಗೆ ಒಂದು ಕಾರಣ. ಕೆನಡಾದ ಜಿಎಂಎ ಗೇಮ್ಸ್ ಹೊರತಂದ 'ಶೇಡ್ಸ್ ಆಫ್ ಡೂಮ್' ಈ ವರ್ಗದ ಪ್ರಸಿದ್ಧ ಆಟ. ಆಟಗಾರನು ಹೆಜ್ಜೆಯ ಸದ್ದು, ಗಾಳಿಯ ಸದ್ದು, ಶತ್ರುವಿನ ಗುಟುರುಗಳನ್ನು ಎಡಬಲ ಕಿವಿಗಳಲ್ಲಿ ಗುರುತಿಸಿ ದಾರಿ ಕಂಡುಕೊಳ್ಳುತ್ತಾನೆ. ಇಂತಹ ಆಟಗಳನ್ನು ಬಹುತೇಕ ಒಬ್ಬಿಬ್ಬರೇ, ಎಷ್ಟೋ ಬಾರಿ ಸ್ವತಃ ಅಂಧರಾದವರೇ, ಬಿಡುವಿನ ವೇಳೆಯಲ್ಲಿ ರಚಿಸಿದರು. ಕಲಿಯಲು ಸುಲಭವೆಂದು ಅನೇಕರು ವಿಷುಯಲ್ ಬೇಸಿಕ್ 6 ಭಾಷೆಯನ್ನೂ, ಧ್ವನಿಗಾಗಿ ಡೈರೆಕ್ಟ್‌ಎಕ್ಸ್ ಅನ್ನೂ ಆರಿಸಿಕೊಂಡರು. ಎರಡನ್ನೂ ಬೆಸೆಯುತ್ತಿದ್ದ ಸಣ್ಣದೊಂದು ಕಡತ, ಡಿಎಕ್ಸ್8ವಿಬಿ, ವಿಂಡೋಸ್ ಎಕ್ಸ್‌ಪಿಯಲ್ಲಿತ್ತು, ವಿಸ್ಟಾದಲ್ಲಿ ಇರಲಿಲ್ಲ. ಆಟದಲ್ಲಿ ಒಂದಕ್ಷರವೂ ಬದಲಾಗದಿದ್ದರೂ ಹೊಸ ಗಣಕದಲ್ಲಿ ಅದು ತೆರೆಯದಾಯಿತು. ಆ ಕಡತವನ್ನು ಹಳೆಯ ಗಣಕದಿಂದ ತಂದು ನೋಂದಾಯಿಸುವುದು ಆಟಗಾರರು ಪರಸ್ಪರ ಹೇಳಿಕೊಟ್ಟುಕೊಂಡ ಪರಿಹಾರ.

ವಿಸ್ಟಾದ ಇನ್ನೊಂದು ಬದಲಾವಣೆ ಅಷ್ಟು ಸುಲಭವಾಗಿ ಸರಿಹೋಗುವಂತಹುದಾಗಿರಲಿಲ್ಲ. ಅದರಲ್ಲಿ ಧ್ವನಿವ್ಯವಸ್ಥೆಯನ್ನು ಹೊಸದಾಗಿ ಬರೆದು, ಡೈರೆಕ್ಟ್‌ಸೌಂಡ್‌ಗೆ ಧ್ವನಿಫಲಕದಿಂದ ನೇರವಾಗಿ ದೊರೆಯುತ್ತಿದ್ದ ನೆರವನ್ನು ಕೈಬಿಡಲಾಯಿತು. ಮೂರು ಆಯಾಮದ ಧ್ವನಿ, ಕೋಣೆಯ ಪ್ರತಿಧ್ವನಿ ಮುಂತಾದ ಪರಿಣಾಮಗಳಿಗೆ ಆ ಫಲಕವನ್ನೇ ನೆಚ್ಚಿದ್ದ ಆಟಗಳಲ್ಲಿ ಅವು ಮಾಯವಾದವು. ಕಣ್ಣಿನಿಂದ ಆಡುವವನಿಗೆ ಪ್ರತಿಧ್ವನಿ ಒಂದು ಅಲಂಕಾರ. ಕಿವಿಯಿಂದ ಆಡುವವನಿಗೆ ಗೋಡೆ ಎಲ್ಲಿದೆ ಎಂಬ ತಿಳಿವೇ ಅದು. ಕ್ರಿಯೇಟಿವ್ ಸಂಸ್ಥೆ ತನ್ನ ಫಲಕಗಳಿಗಾಗಿ 'ಆಲ್ಕೆಮಿ' ಎಂಬ ತಂತ್ರಾಂಶವನ್ನು ನೀಡಿ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿತು.

ಪರವಾನಗಿಯ ತೊಡಕೂ ಉಂಟು. ಕೆಲವು ಆಟಗಳ ನೋಂದಣಿಸಂಖ್ಯೆ ಒಂದೇ ಯಂತ್ರಕ್ಕೆ ಕಟ್ಟಿಹಾಕಿದಂತಹುದು. ಯಂತ್ರ ಬದಲಾದರೆ ಹೊಸ ಸಂಖ್ಯೆ ಕೇಳಬೇಕು. ರಚಿಸಿದವರು ಕೆಲಸ ನಿಲ್ಲಿಸಿದ್ದರೆ ಹಣ ಕೊಟ್ಟು ಕೊಂಡದ್ದೂ ಕೈಗೆ ಸಿಗದು.

ಬಿಟ್‌ಗಳ ಬದಲಾವಣೆ

64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ತಂತ್ರಾಂಶಗಳು ನಡೆಯುವುದಿಲ್ಲವಾದ್ದರಿಂದ ಡಾಸ್ ಕಾಲದ ಅಕ್ಷರರೂಪದ ಆಟಗಳಿಗೆ ಡಾಸ್‌ಬಾಕ್ಸ್‌ನಂತಹ ಅನುಕರಣ ತಂತ್ರಾಂಶಗಳು ಬೇಕಾದವು. ಅನುಕರಣ ತಂತ್ರಾಂಶವು ಅಕ್ಷರಗಳನ್ನು ಚಿತ್ರವಾಗಿಯೇ ಬಿಡಿಸುವುದರಿಂದ ಸ್ಕ್ರೀನ್ ರೀಡರ್ ಅವನ್ನು ಓದಲಾರದು. ಕಣ್ಣುಳ್ಳವರಿಗೆ ಸಾಕಾದ ಪರಿಹಾರ ಇಲ್ಲಿ ಪರಿಹಾರವಾಗುವುದಿಲ್ಲ. ಐಓಎಸ್ 11 (2017) ಮತ್ತು ಮ್ಯಾಕ್ ಓಎಸ್ ಕ್ಯಾಟಲಿನಾ (2019) 32 ಬಿಟ್ ತಂತ್ರಾಂಶಗಳನ್ನು ಸಂಪೂರ್ಣವಾಗಿ ಕೈಬಿಟ್ಟವು.

ಕನ್ನಡಕ್ಕೆ ಆದ ಲಾಭ

ನವೀಕರಣದಿಂದ ಬರೀ ನಷ್ಟವೇ ಆಯಿತೆನ್ನುವುದು ಸರಿಯಲ್ಲ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಕನ್ನಡವು ಗಣಕದ ಮಟ್ಟಿಗೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದ ಸದ್ದಾಗಿ ಓದುತ್ತದೆ. ವಿಂಡೋಸ್ ಎಕ್ಸ್‌ಪಿ (2001) 'ತುಂಗಾ' ಫಾಂಟ್‌ನೊಡನೆ ಕನ್ನಡದ ಯೂನಿಕೋಡ್ ಬೆಂಬಲವನ್ನು ತಂದಿತು. ಯೂನಿಕೋಡ್‌ನಲ್ಲಿರುವ ಕನ್ನಡವನ್ನು ಉಚಿತ ಸ್ಕ್ರೀನ್ ರೀಡರ್ ಎನ್‌ವಿಡಿಎ ತನ್ನೊಡನೆ ಬರುವ ಇ-ಸ್ಪೀಕ್ ಧ್ವನಿಯ ಮೂಲಕ ಓದಬಲ್ಲದು. ಆ ಉಚ್ಚಾರಣೆ ಯಾಂತ್ರಿಕವಾದುದು, ಒತ್ತಕ್ಷರಗಳಲ್ಲಿ ಕಿವಿಗೆ ಕಟುವಾದುದು. ಆದರೂ ಕನ್ನಡವೆಂದು ತಿಳಿಯುತ್ತದೆ. ಹಳೆಯ ಫಾಂಟಿನ ಕಡತಗಳು ಮಾತ್ರ ಯೂನಿಕೋಡ್‌ಗೆ ಪರಿವರ್ತನೆಯಾಗುವವರೆಗೆ, ವ್ಯವಸ್ಥೆ ಎಷ್ಟೇ ಹೊಸದಾದರೂ, ಅಂಧ ಓದುಗರಿಗೆ ಮುಚ್ಚಿದ ಪುಸ್ತಕಗಳೇ.

ಹಳೆಯದರಲ್ಲಿ ಉಳಿಯುವುದು

ಈ ಅನುಭವಗಳಿಂದಾಗಿ ಅನೇಕ ಅಂಧ ಬಳಕೆದಾರರು ಹೊಸ ಆವೃತ್ತಿ ಬಂದೊಡನೆ ಅದನ್ನು ಅಳವಡಿಸದೆ, ಇತರರ ಅನುಭವ ತಿಳಿದ ಬಳಿಕ ಮುಂದುವರಿಯುತ್ತಾರೆ. ಇದನ್ನು ಹೊಸತರ ಬಗೆಗಿನ ಅಂಜಿಕೆ ಎನ್ನಲಾಗದು. ಮುದ್ರಕ ಕೆಟ್ಟರೆ ಪರದೆಯ ಸೂಚನೆ ಓದಿ ಸರಿಪಡಿಸಬಹುದು. ಧ್ವನಿಯೇ ನಿಂತರೆ ಏನು ಕೆಟ್ಟಿದೆ ಎಂದು ತಿಳಿಯುವ ದಾರಿಯೂ ಮುಚ್ಚುತ್ತದೆ. ಮೈಕ್ರೋಸಾಫ್ಟ್ ಸಹ ಈ ಕಷ್ಟವನ್ನು ಒಂದು ಬಾರಿ ಮನ್ನಿಸಿತು: ವಿಂಡೋಸ್ 10ರ ಉಚಿತ ನವೀಕರಣದ ಅವಧಿ ಸಾರ್ವಜನಿಕರಿಗೆ 2016ರ ಜುಲೈ 29ಕ್ಕೆ ಮುಗಿದರೂ, ಸಹಾಯಕ ತಂತ್ರಾಂಶ ಬಳಸುವವರಿಗೆ ಅದನ್ನು 2017ರ ಕೊನೆಯವರೆಗೂ ಅದರಾಚೆಗೂ ಮುಂದುವರಿಸಲಾಯಿತು.

ಕಾಯುವುದಕ್ಕೂ ಮಿತಿಯಿದೆ. ಎನ್‌ವಿಡಿಎಯ 2017.3 ಆವೃತ್ತಿಯ ನಂತರದವು ಎಕ್ಸ್‌ಪಿ ಮತ್ತು ವಿಸ್ಟಾಗಳಲ್ಲಿ ನಡೆಯುವುದಿಲ್ಲ, 2024.1ರಿಂದ ವಿಂಡೋಸ್ 7ಕ್ಕೂ ಬೆಂಬಲವಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಉಳಿದವನ ಆಟ ನಡೆದೀತು, ಆದರೆ ಬ್ಯಾಂಕಿನ ಜಾಲತಾಣ ತೆರೆಯದು. ಆದ್ದರಿಂದ ಆಟಕ್ಕೆ ಹಳೆಯ ಯಂತ್ರ, ವ್ಯವಹಾರಕ್ಕೆ ಹೊಸ ಯಂತ್ರ ಎಂದು ಎರಡನ್ನು ಇಟ್ಟುಕೊಂಡವರಿದ್ದಾರೆ. ಎರಡನ್ನು ಕೊಳ್ಳಲಾರದವರು ಆಟವನ್ನು ಬಿಡುತ್ತಾರೆ. ಎನ್‌ವಿಡಿಎಯ ಪ್ರತಿಯೊಂದನ್ನು ಪೆನ್‌ಡ್ರೈವ್‌ನಲ್ಲಿ ಸಿದ್ಧಪಡಿಸಿ, ಅಳವಡಿಸದೆಯೇ ಅಲ್ಲಿಂದಲೇ ನಡೆಸುವ ಸೌಲಭ್ಯವಿದೆ. ನವೀಕರಣಕ್ಕೆ ಮುನ್ನ ಅದನ್ನು ಮಾಡಿಟ್ಟುಕೊಳ್ಳುವುದು ರೂಢಿಯಲ್ಲಿರುವ ಮುನ್ನೆಚ್ಚರಿಕೆ. ವಿಂಡೋಸ್ 10ರ ಇತ್ತೀಚಿನ ಆವೃತ್ತಿಗಳಲ್ಲಿ ಮತ್ತು ವಿಂಡೋಸ್ 11ರಲ್ಲಿ ವಿಂಡೋಸ್, ಕಂಟ್ರೋಲ್, ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವ್ಯವಸ್ಥೆಯದೇ ಆದ 'ನರೇಟರ್' ಮಾತನಾಡತೊಡಗುತ್ತದೆ.